ಕಾಲು ಸೋಲುವುದು, ಪಾದ ಮರಗಟ್ಟುವುದು, ನಡಿಗೆ ತಪ್ಪುವುದು: ರೈತರು ತಿಳಿದಿರಬೇಕಾದ ಕಾರಣಗಳು



ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕ್ಷೇತ್ರ ಭೇಟಿಗೆ ಹೋದಾಗ ಬೆಳೆಯ ರೋಗದ ಮಾತು ಮುಗಿದ ಮೇಲೆ ಮೈಯ ರೋಗದ ಮಾತು ಬರುವುದುಂಟು. ಪಾದಕ್ಕೆ ಹತ್ತಿ ಸುತ್ತಿದಂತೆ ಆಗುತ್ತದೆ. ಚಪ್ಪಲಿ ಕಾಲಿನಿಂದ ಜಾರಿಹೋದದ್ದೇ ತಿಳಿಯುವುದಿಲ್ಲ. ಕತ್ತಲಾದ ಮೇಲೆ ಗದ್ದೆಯ ಅಂಚಿನ ಮೇಲೆ ನಡೆಯಲು ಧೈರ್ಯ ಸಾಲುವುದಿಲ್ಲ. ಕುಳಿತು ಏಳುವಾಗ ಕಾಲು ಸೋಲುತ್ತದೆ. ಇಂತಹ ದೂರುಗಳಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಎರಡೇ: "ವಾಯು ಹಿಡಿದಿದೆ" ಅಥವಾ "ವಯಸ್ಸಾಯಿತು". ಅನಂತರ ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು, ಮುಂದಿನ ಕೊಯ್ಲು ಮುಗಿಯಲೆಂದು ಕಾಯುವುದು.

ಈ ಕಾಯುವಿಕೆಯೇ ಅಪಾಯಕಾರಿ. ಒಂದೇ ದೂರಿಗೆ ಹತ್ತಾರು ಕಾರಣಗಳಿರುತ್ತವೆ. ಅವುಗಳಲ್ಲಿ ಹಲವು ಸಕಾಲದಲ್ಲಿ ಪತ್ತೆಯಾದರೆ ಗುಣವಾಗುವಂಥವು ಅಥವಾ ಅಲ್ಲಿಗೇ ತಡೆಯಬಹುದಾದಂಥವು. ಆದರೆ ಒಮ್ಮೆ ಪೂರ್ಣ ಹಾಳಾದ ನರ ಮತ್ತೆ ಮೊದಲಿನಂತಾಗುವುದು ದುರ್ಲಭ. ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದ ವಿಜ್ಞಾನಿ. ಆದರೂ ಈ ವಿಷಯವನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ: ಇವುಗಳ ಪೈಕಿ ಕೆಲವು ಕಾರಣಗಳು ನಮ್ಮ ಗದ್ದೆಯಲ್ಲಿ, ಸಿಂಪರಣಾ ಯಂತ್ರದಲ್ಲಿ, ಅಡಿಕೆ ಮರದ ತುದಿಯಲ್ಲಿ ಮತ್ತು ಅನ್ನದ ಪಾತ್ರೆಯಲ್ಲಿ ಇವೆ. ರೋಗನಿರ್ಣಯ ಮತ್ತು ಚಿಕಿತ್ಸೆ ವೈದ್ಯರದೇ. ಯಾವಾಗ ವೈದ್ಯರಲ್ಲಿಗೆ ಹೋಗಬೇಕು, ಹೋದಾಗ ಏನನ್ನು ಹೇಳಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ದೋಷ ಎಲ್ಲಿದೆ?

ನೀರೆತ್ತುವ ಪಂಪ್‌ಸೆಟ್ ನಿಂತಾಗ ನಾವು ಮೋಟಾರನ್ನಷ್ಟೇ ದೂರುವುದಿಲ್ಲ. ಕರೆಂಟು, ಸ್ಟಾರ್ಟರ್, ಕೇಬಲ್, ಮೋಟಾರು ಎಂದು ಒಂದೊಂದಾಗಿ ನೋಡುತ್ತೇವೆ. ಕಾಲಿನ ವಿಷಯವೂ ಹೀಗೆಯೇ. ಅಪ್ಪಣೆ ಮಿದುಳಿನಿಂದ ಹೊರಡುತ್ತದೆ, ಬೆನ್ನುಹುರಿಯಲ್ಲಿ ಇಳಿಯುತ್ತದೆ, ಸೊಂಟದಿಂದ ಹೊರಟ ನರಗಳ ಮೂಲಕ ಸ್ನಾಯುವನ್ನು ತಲುಪುತ್ತದೆ. ಪಾದದ ಸ್ಪರ್ಶವು ಅದೇ ದಾರಿಯಲ್ಲಿ ಹಿಂದಿರುಗಿ ಮಿದುಳಿಗೆ ಸೇರುತ್ತದೆ. ಇವುಗಳಲ್ಲಿ ಎಲ್ಲಿ ದೋಷವುಂಟಾದರೂ ಕಷ್ಟ ಕಾಣಿಸುವುದು ಕಾಲಿನಲ್ಲಿಯೇ.

ಆದ್ದರಿಂದ ಮೂರು ದೂರುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಕಾಲನ್ನು ಎತ್ತಲು ಅಥವಾ ಏಳಲು ಶಕ್ತಿ ಸಾಲದಿರುವುದು ಬಲಹೀನತೆ. ಮುಟ್ಟಿದ್ದು, ಚುಚ್ಚಿದ್ದು, ಬಿಸಿ ತಗಲಿದ್ದು ತಿಳಿಯದಿರುವುದು ಅಥವಾ ಇರುವೆ ಹರಿದಂತಾಗುವುದು ಮರಗಟ್ಟುವಿಕೆ. ಶಕ್ತಿ ಇದ್ದರೂ ಹೆಜ್ಜೆ ಓಲಾಡುವುದು ಸಮತೋಲನದ ದೋಷ. ಸೊಂಟ ಅಥವಾ ಮೊಣಕಾಲಿನ ಕೀಲುನೋವಿನಿಂದ ಕುಂಟುವುದು ಈ ಮೂರಕ್ಕೂ ಸೇರದ ಬೇರೆಯೇ ವಿಷಯ. ವೈದ್ಯರ ಮುಂದೆ "ಕಾಲು ಸರಿಯಿಲ್ಲ" ಎನ್ನುವ ಬದಲು ಇವುಗಳಲ್ಲಿ ಯಾವುದು ಎಂದು ಹೇಳಿದರೆ ಪರೀಕ್ಷೆಯ ಅರ್ಧ ದಾರಿ ಸಾಗಿದಂತೆ.

ಒಂದು ಗಳಿಗೆಯೂ ತಡಮಾಡಬಾರದ ಲಕ್ಷಣಗಳು

ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ಮನೆಮದ್ದು ಮಾಡದೆ 108ಕ್ಕೆ ಕರೆ ಮಾಡಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

• ಒಂದೇ ಬದಿಯ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋಲುವುದು, ಬಾಯಿ ಓರೆಯಾಗುವುದು, ಮಾತು ತೊದಲುವುದು. ಇದು ಪಾರ್ಶ್ವವಾಯುವಿನ ಲಕ್ಷಣ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಲಕ್ಷಣ ಆರಂಭವಾದ ಸುಮಾರು ನಾಲ್ಕೂವರೆ ಗಂಟೆಯೊಳಗೆ ಮಾತ್ರ ಉಪಯುಕ್ತ.

• ಪಾದಗಳಿಂದ ಆರಂಭವಾದ ಬಲಹೀನತೆ ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ತೊಡೆಗೆ, ಕೈಗಳಿಗೆ ಏರುವುದು. ಗಿಲಾನ್-ಬಾರೆ ಎಂಬ ಈ ಕಾಯಿಲೆ ಹಲವೊಮ್ಮೆ ಭೇದಿ ಅಥವಾ ಜ್ವರ ಬಂದು ಹೋದ ಕೆಲವು ವಾರಗಳಲ್ಲಿ ಕಾಣಿಸುತ್ತದೆ. ಉಸಿರಾಟದ ಸ್ನಾಯುಗಳಿಗೆ ತಲುಪಿದರೆ ಪ್ರಾಣಾಪಾಯವಿದೆ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದವರಲ್ಲಿ ಬಹುಪಾಲು ಜನರು ಮತ್ತೆ ನಡೆಯುತ್ತಾರೆ.

• ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕುಳಿತುಕೊಳ್ಳುವ ಭಾಗ ಮರಗಟ್ಟುವುದು.

• ಮರದಿಂದ ಬಿದ್ದ ಬಳಿಕ ಕಾಲು ಅಲುಗಾಡದಿರುವುದು.

• ಕೀಟನಾಶಕ ಬಳಸಿದ ಬಳಿಕ ಅತಿಯಾದ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು, ಸ್ನಾಯು ಅದುರುವುದು, ಉಸಿರುಗಟ್ಟುವುದು.

• ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವಿನಿಂದ ಎದ್ದು, ರೆಪ್ಪೆ ಜೋತು ಬಿದ್ದು, ಮೈ ಸೋಲುವುದು. ಇದು ಕಟ್ಟುಹಾವಿನ ಕಡಿತವಾಗಿರಬಹುದು. ಗಾಯದ ಗುರುತು ಕಾಣದೆಯೂ ಇರಬಹುದು.

ಹೊಲಗದ್ದೆಯಲ್ಲಿರುವ ಕಾರಣಗಳು

1. ಕೀಟನಾಶಕಗಳು

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್ ಮೊದಲಾದವು ಸಾವಯವ ರಂಜಕ ಗುಂಪಿನ ಕೀಟನಾಶಕಗಳು. ಇವು ಕೀಟದ ನರವ್ಯೂಹವನ್ನು ಕೆಡಿಸಿ ಅದನ್ನು ಕೊಲ್ಲುತ್ತವೆ. ಮನುಷ್ಯನ ನರಕ್ಕೂ ಅದೇ ವಿಷ. ಮೈಗೆ ಸೇರಿದ ಕೆಲವೇ ಗಂಟೆಗಳಲ್ಲಿ ಮೇಲೆ ಹೇಳಿದ ತೀವ್ರ ಲಕ್ಷಣಗಳು ಕಾಣಿಸುತ್ತವೆ. ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆ ಮತ್ತು ಉಸಿರಾಟದ ಸ್ನಾಯುಗಳು ಸೋಲುವ ಎರಡನೆಯ ಹಂತ ಬರಬಹುದು. ಬಹುಮಂದಿಗೆ ತಿಳಿಯದಿರುವುದು ಮೂರನೆಯ ಹಂತ: ತೀವ್ರ ವಿಷಬಾಧೆಯಿಂದ ಗುಣವಾಗಿ ಮನೆಗೆ ಬಂದವರಲ್ಲಿಯೂ, ಕೆಲವು ಬಗೆಯ ರಂಜಕ ವಿಷಗಳಿಂದ, ಎರಡು ಮೂರು ವಾರಗಳ ನಂತರ ಮೀನಖಂಡದಲ್ಲಿ ಸೆಳೆತ, ಪಾದದಲ್ಲಿ ಚುಮುಚುಮು, ಅನಂತರ ಪಾದ ಜೋತು ಬೀಳುವುದು ಆರಂಭವಾಗಬಹುದು. ಹೀಗಾಗಿ ವಿಷಬಾಧೆಗೆ ಒಳಗಾದವರ ನಡಿಗೆಯನ್ನು ಮನೆಯವರು ಕನಿಷ್ಠ ಒಂದು ತಿಂಗಳು ಗಮನಿಸುತ್ತಿರಬೇಕು.

ಇದೇ ಬಗೆಯ ರಂಜಕ ರಾಸಾಯನಿಕವೊಂದು ಆಹಾರದಲ್ಲಿ ಬೆರೆತು ದೊಡ್ಡ ದುರಂತಗಳನ್ನು ಉಂಟುಮಾಡಿದೆ. 1930ರಲ್ಲಿ ಅಮೆರಿಕದಲ್ಲಿ ಕಲಬೆರಕೆಯಾದ ಶುಂಠಿ ಪಾನೀಯದಿಂದ ಸಾವಿರಾರು ಜನರು ಕಾಲಿನ ಶಕ್ತಿ ಕಳೆದುಕೊಂಡರು. 1959ರಲ್ಲಿ ಮೊರಾಕ್ಕೊ ದೇಶದಲ್ಲಿ ಯಂತ್ರದ ಎಣ್ಣೆ ಬೆರೆಸಿದ ಅಡುಗೆ ಎಣ್ಣೆಯಿಂದ ಸುಮಾರು 10,000 ಜನರು ಪೀಡಿತರಾದರು. 1988ರಲ್ಲಿ ಕೋಲ್ಕತ್ತದ ಬೆಹಾಲಾದಲ್ಲಿಯೂ ಕಲಬೆರಕೆ ಅಡುಗೆ ಎಣ್ಣೆಯಿಂದ ನೂರಾರು ಜನರಿಗೆ ಇದೇ ಗತಿಯಾಯಿತು. ರಾಸಾಯನಿಕದ ಡಬ್ಬಿ, ಕ್ಯಾನುಗಳನ್ನು ತೊಳೆದು ಎಣ್ಣೆ, ನೀರು, ಅಕ್ಕಿ ತುಂಬಿಡುವ ಅಭ್ಯಾಸ ಏಕೆ ಕೂಡದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2. ಕುಕ್ಕರಗಾಲಿನ ಕೆಲಸ ಮತ್ತು ತಲೆಹೊರೆ

ಮೊಣಕಾಲಿನ ಹೊರಬದಿಯಲ್ಲಿ, ಕೈಗೆ ಸಿಗುವ ಎಲುಬಿನ ಗಂಟಿನ ಪಕ್ಕದಲ್ಲಿ, ಚರ್ಮದ ಸ್ವಲ್ಪವೇ ಒಳಗೆ ಒಂದು ನರ ಹಾದುಹೋಗುತ್ತದೆ. ನೆಲಗಡಲೆ ಕೀಳುವಾಗ, ಕಳೆ ತೆಗೆಯುವಾಗ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತರೆ ಆ ನರ ಒತ್ತಿಹೋಗುತ್ತದೆ. ಎದ್ದಾಗ ಪಾದದ ಮುಂಭಾಗ ಮೇಲೇಳುವುದಿಲ್ಲ, ಪಾದದ ಮೇಲ್ಭಾಗ ಮರಗಟ್ಟಿರುತ್ತದೆ. ಒತ್ತಡ ನಿಂತರೆ ಇದು ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ಆದರೂ ವೈದ್ಯರಿಗೆ ತೋರಿಸಬೇಕು. ಬೆನ್ನಿನ ದೋಷವೂ ಹೀಗೆಯೇ ಕಾಣಿಸಬಹುದು.

ಹುಲ್ಲು, ಸೊಪ್ಪು, ಗೊಬ್ಬರದ ಹೊರೆಗಳನ್ನು ದಶಕಗಳ ಕಾಲ ತಲೆಯ ಮೇಲೆ ಹೊತ್ತವರಲ್ಲಿ ಕುತ್ತಿಗೆಯ ಎಲುಬುಗಳು ಸವೆದು ಬೆನ್ನುಹುರಿಯನ್ನು ಒತ್ತುವ ಸಾಧ್ಯತೆ ಇದೆ. ಕಾಲು ಬಿಗಿಯಾಗುವುದು, ನಡಿಗೆ ಅಂಕೆ ತಪ್ಪುವುದು, ಅದರೊಂದಿಗೆ ಅಂಗಿಯ ಗುಂಡಿ ಹಾಕಲು ಅಥವಾ ಕತ್ತಿಯನ್ನು ಗಟ್ಟಿಯಾಗಿ ಹಿಡಿಯಲು ಕೈ ತೊಡಕುವುದು ಇದರ ಗುರುತು. ಕಾಲಿನ ದೂರಿಗೆ ಕುತ್ತಿಗೆಯನ್ನು ಪರೀಕ್ಷಿಸಿದರೆ ಆಶ್ಚರ್ಯಪಡಬೇಡಿ. ಇಂತಹವರ ಕುತ್ತಿಗೆಯನ್ನು ಯಾರಿಂದಲೂ ತಿರುಚಿಸಿ "ನೆಟಿಕೆ" ತೆಗೆಸಬಾರದು.

3. ಮರದಿಂದ ಬೀಳುವುದು

ಪೂರ್ವ ಭಾಗದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಳೆಗಾಲದಲ್ಲಿಯೇ, ಮರ ಜಾರುವ ಹೊತ್ತಿನಲ್ಲಿಯೇ. ಬಿದ್ದವರನ್ನು ಎತ್ತಿ ಕೂರಿಸುವುದು, ಇಬ್ಬರು ತೋಳಿಗೆ ಆತು ನಡೆಸುವುದು, ರಿಕ್ಷಾದಲ್ಲಿ ಮಡಚಿ ಕೂರಿಸಿ ಒಯ್ಯುವುದು ಸಲ್ಲದು. ಮುರಿದ ಎಲುಬಿನ ಚೂರು ಬೆನ್ನುಹುರಿಯನ್ನು ಕತ್ತರಿಸಿದರೆ ಆಮೇಲೆ ಮಾಡುವುದೇನೂ ಉಳಿಯದು. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಮೂರು ನಾಲ್ಕು ಜನ ಸೇರಿ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.

4. ಜ್ವರಗಳು

ಉಡುಪಿ ಜಿಲ್ಲೆಯಲ್ಲಿ ಮಳೆಗಾಲದ ಇಲಿಜ್ವರ ಹೊಸತಲ್ಲ. ಕೆಸರುಗದ್ದೆಯಲ್ಲಿ ಕೆಲಸ ಮಾಡಿದವರಿಗೆ ಜ್ವರ, ಕಣ್ಣು ಕೆಂಪಾಗುವುದು ಮತ್ತು ಮುಟ್ಟಿದರೆ ಸಹಿಸಲಾಗದ ಮೀನಖಂಡದ ನೋವು ಬಂದರೆ ಅದನ್ನು ನಟ್ಟಿಯ ದಣಿವೆಂದು ಬಿಡಬಾರದು. ಘಟ್ಟದ ಬುಡದ ಕಾಡಂಚಿನಲ್ಲಿ ದರಗು, ಸೊಪ್ಪು ತರುವವರು ಮಂಗನ ಕಾಯಿಲೆಯನ್ನು ನೆನಪಿನಲ್ಲಿಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆಯಲ್ಲಿ, ಜ್ವರ ಬಿಟ್ಟ ಒಂದೆರಡು ವಾರಗಳ ಬಳಿಕ ಕೆಲವರಿಗೆ ಮತ್ತೆ ಜ್ವರ ಬಂದು ತಲೆನೋವು, ನಡುಕ, ಗೊಂದಲ ಕಾಣಿಸುತ್ತದೆ.

ಊಟದಲ್ಲಿರುವ ಕಾರಣಗಳು

ಅಕ್ಕಿಯ ಹೊರಪದರವಾದ ತೌಡಿನಲ್ಲಿ ಥಯಾಮಿನ್ ಅಥವಾ ಬಿ1 ಜೀವಸತ್ವವಿದೆ. ಅದರ ಕೊರತೆಯಿಂದ ಪಾದ ಮರಗಟ್ಟಿ, ಕಾಲು ಸೋಲುವ ಬೆರಿಬೆರಿ ರೋಗ ಬರುತ್ತದೆ. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ 1890ರ ದಶಕದಲ್ಲಿ, ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡುಳ್ಳ ಅಕ್ಕಿ ಕೊಟ್ಟಾಗ ಅವು ಚೇತರಿಸುವುದನ್ನೂ ಕಂಡರು. 1929ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. 1905ರಲ್ಲಿ ಕ್ವಾಲಾಲಂಪುರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಡಾ. ಫ್ಲೆಚರ್ ನಡೆಸಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಬಿಳಿ ಬೆಳ್ತಿಗೆ ಅಕ್ಕಿ ಉಂಡವರ ಗುಂಪಿನಲ್ಲಿ ಬೆರಿಬೆರಿ ಹರಡಿತು. ಭಾರತದ ರೀತಿಯಲ್ಲಿ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ, ಅಂದರೆ ನಮ್ಮ ಕುಚ್ಚಲಕ್ಕಿ, ಉಂಡವರು ಅದರಿಂದ ಪಾರಾದರು.

ಕಾರಣ ಸರಳ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಜೀವಸತ್ವದ ಒಂದು ಪಾಲು ಕಾಳಿನ ಒಳಕ್ಕೆ ಇಳಿದು ನಿಲ್ಲುತ್ತದೆ; ಗಿರಣಿಯಲ್ಲಿ ತೌಡು ಹೋದರೂ ಅದು ಉಳಿಯುತ್ತದೆ. ಎಂ.ಒ.-4ರಂತಹ ಕೆಂಪು ಅಕ್ಕಿಯ ತಳಿಗಳನ್ನು ಬೆಳೆದು, ಕುಚ್ಚಲಕ್ಕಿ ಗಂಜಿಯನ್ನು ತಿಳಿಯೊಂದಿಗೆ ಉಣ್ಣುವ ಈ ಸೀಮೆಯ ರೂಢಿ ಬಡತನದ ಗುರುತಲ್ಲ, ನರದ ರಕ್ಷಣೆ. ಮನೆಯಲ್ಲಿ ಕುಚ್ಚಲಕ್ಕಿ ಬಿಟ್ಟು ಹೊಳೆಯುವ ಬಿಳಿ ಅಕ್ಕಿಗೆ ಬದಲಾಗುವಾಗ, ಪದೇಪದೇ ತೊಳೆದು ಬಸಿದು ನೀರನ್ನು ಚೆಲ್ಲುವಾಗ, ಜೊತೆಗೆ ಬೇಳೆ, ಉದ್ದು, ಹುರುಳಿ ಕಡಿಮೆಯಾದಾಗ ಈ ರಕ್ಷಣೆ ಹೋಗುತ್ತದೆ. ನಿತ್ಯ ಮದ್ಯ ಕುಡಿದು ಊಟ ಬಿಡುವವರು, ಬಹಳ ವಾಂತಿಯಾಗುವ ಗರ್ಭಿಣಿಯರು, ಕಟ್ಟುನಿಟ್ಟಿನ ಪಥ್ಯದಲ್ಲಿರುವ ಬಾಣಂತಿಯರು ಹೆಚ್ಚಿನ ಅಪಾಯದಲ್ಲಿರುತ್ತಾರೆ.

ಇನ್ನೊಂದು ಬಿ12 ಜೀವಸತ್ವದ ಕೊರತೆ. ಇದು ಮೀನು, ಮೊಟ್ಟೆ, ಮಾಂಸ, ಹಾಲು, ಮೊಸರುಗಳಲ್ಲಿ ಮಾತ್ರ ಸಹಜವಾಗಿ ದೊರೆಯುತ್ತದೆ. ಹಾಲನ್ನೆಲ್ಲ ಡೈರಿಗೆ ಕೊಟ್ಟು ತಾವು ಚಹಾಕ್ಕೆ ಬೇಕಾದಷ್ಟನ್ನೇ ಇಟ್ಟುಕೊಳ್ಳುವ ಸಸ್ಯಾಹಾರಿ ಮನೆಗಳಲ್ಲಿ ಕೊರತೆಗೆ ಎಡೆಯಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸುವವರಲ್ಲಿಯೂ, ಮೀನು ತಿನ್ನುವವರಾದರೂ, ಇದು ಕಾಣಬಹುದು. ಎರಡೂ ಪಾದ ಮರಗಟ್ಟುವುದು, ನಾಲಿಗೆ ನುಣುಪಾಗಿ ಉರಿಯುವುದು, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಮೈ ಓಲುವುದು ಇದರ ಲಕ್ಷಣಗಳು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಚುಚ್ಚುಮದ್ದಿನಿಂದ ಸರಿಪಡಿಸಬಹುದು. ಬಿ12 ಪರೀಕ್ಷಿಸದೆ ಬರಿಯ ಫೋಲಿಕ್ ಆಮ್ಲದ ಮಾತ್ರೆ ನುಂಗಿದರೆ ರಕ್ತಹೀನತೆ ಮರೆಯಾಗಿ ನರದ ಹಾನಿ ಮುಂದುವರಿಯುವ ಅಪಾಯವಿದೆ.

ಎಲ್ಲೆಡೆ ಕಾಣುವ ಮೂರು ಕಾಯಿಲೆಗಳು

ಪಾದ ಮರಗಟ್ಟುವುದಕ್ಕೆ ಇಂದು ಅತಿ ಸಾಮಾನ್ಯ ಕಾರಣ ಸಕ್ಕರೆ ಕಾಯಿಲೆ. ಕಾಲುಚೀಲ ಹಾಕಿದಂತೆ ಎರಡೂ ಪಾದಗಳಲ್ಲಿ ಸಮನಾಗಿ ಆರಂಭವಾಗುತ್ತದೆ. ಬರಿಗಾಲಿನಲ್ಲಿ ಗದ್ದೆಗಿಳಿದವರಿಗೆ ಚುಚ್ಚಿದ ಮುಳ್ಳು ತಿಳಿಯುವುದಿಲ್ಲ. ನೋವಿಲ್ಲದ ಗಾಯ ಕೊಳೆತು ಪಾದವನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಶಾಖ ಕೊಡಬಾರದು, ಸುಟ್ಟರೂ ತಿಳಿಯದು.

ಕುಷ್ಠರೋಗ ಮುಗಿದುಹೋದ ಕಾಯಿಲೆಯಲ್ಲ. ಚರ್ಮದಲ್ಲಿ ಸ್ಪರ್ಶವಿಲ್ಲದ ಮಾಸಲು ಅಥವಾ ಕೆಂಪು ಮಚ್ಚೆ, ದಪ್ಪಗಾದ ನರ, ಜೋತು ಬಿದ್ದ ಪಾದ ಇದರ ಗುರುತುಗಳು. ಬಹು ಔಷಧ ಚಿಕಿತ್ಸೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, ಪೂರ್ಣ ಗುಣವಾಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟ ಪ್ರತಿ ತಿಂಗಳೂ ನರಕ್ಕೆ ನಷ್ಟ.

ಬೆನ್ನೆಲುಬಿನ ಕ್ಷಯವೂ ಕಾಲಿನ ಬಲ ತೆಗೆಯುತ್ತದೆ. ವಾರಗಟ್ಟಲೆ ಬಿಡದ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಕೆಮ್ಮು ಇಲ್ಲದಿದ್ದರೂ ಪರೀಕ್ಷೆ ಮಾಡಿಸಬೇಕು. ಇದಕ್ಕೂ ಸರ್ಕಾರದ ಚಿಕಿತ್ಸೆ ಉಚಿತ.

ಊಹೆ ಬೇಡ: ಹಂದಿಗೋಡಿನ ಪಾಠ

ಇಷ್ಟು ಓದಿದ ಮೇಲೆ ಎಲ್ಲದಕ್ಕೂ ಕೀಟನಾಶಕವನ್ನೋ ಅಕ್ಕಿಯನ್ನೋ ಕಾರಣವೆಂದು ತೀರ್ಮಾನಿಸುವುದು ಸುಲಭ. ಆದರೆ ಘಟ್ಟದ ಮೇಲಿನ ಹಂದಿಗೋಡಿನ ಅನುಭವ ನಮ್ಮನ್ನು ಎಚ್ಚರಿಸುತ್ತದೆ. ಸಾಗರ ತಾಲ್ಲೂಕಿನ ಆ ಗ್ರಾಮದಲ್ಲಿ 1970ರ ದಶಕದ ಮಧ್ಯದಲ್ಲಿ ಬೇಸಾಯದ ಕೂಲಿ ಕುಟುಂಬಗಳ ಹಲವರಿಗೆ ಸೊಂಟ ಮತ್ತು ಮೊಣಕಾಲು ನೋವಾಗಿ, ಕ್ರಮೇಣ ನಿಲ್ಲಲೂ ಆಗದ ಸ್ಥಿತಿ ಬಂದದ್ದು ಬೆಳಕಿಗೆ ಬಂತು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ದೀರ್ಘ ಅಧ್ಯಯನದ ಬಳಿಕ ಅದು ವಂಶಪಾರಂಪರ್ಯವಾಗಿ ಬರುವ ಎಲುಬು ಮತ್ತು ಕೀಲಿನ ಕಾಯಿಲೆ ಎಂದು ತಜ್ಞರು ಕಂಡುಕೊಂಡರು.

ಹಾಗೆಂದು ವಿಷವನ್ನು ಹಗುರವಾಗಿ ಕಾಣುವಂತಿಲ್ಲ. ಕರಾವಳಿಯ ಗೇರು ತೋಪುಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಏನನ್ನು ಉಳಿಸಿಹೋಯಿತೆಂಬುದು ಈ ಭಾಗದ ಜನರಿಗೆ ತಿಳಿದಿದೆ; 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಅದರ ಬಳಕೆಯನ್ನು ದೇಶದಾದ್ಯಂತ ತಡೆಯಿತು. ಎರಡೂ ಪ್ರಸಂಗಗಳು ಹೇಳುವುದು ಒಂದೇ ಮಾತು: ಶಂಕೆಯನ್ನು ತಳ್ಳಿಹಾಕಬಾರದು, ಪರೀಕ್ಷೆಯಿಲ್ಲದೆ ನಂಬಲೂ ಬಾರದು.

ವೈದ್ಯರಲ್ಲಿಗೆ ಹೋಗುವ ಮೊದಲು ಗಮನಿಸಿರಿ

• ಎಂದಿನಿಂದ ಆರಂಭ? ಇದ್ದಕ್ಕಿದ್ದಂತೆಯೋ, ದಿನಗಳಲ್ಲಿಯೋ, ವರ್ಷಗಳಲ್ಲಿಯೋ?
• ಒಂದು ಕಾಲೋ, ಎರಡೂ ಕಾಲೋ? ಕೈಗಳಿಗೂ ಇದೆಯೇ?
• ಕತ್ತಲೆಯಲ್ಲಿ, ಕಣ್ಣು ಮುಚ್ಚಿದಾಗ ಹೆಚ್ಚುತ್ತದೆಯೇ?
• ಚಪ್ಪಲಿ ಜಾರುತ್ತದೆಯೇ? ಕಾಲ್ಬೆರಳು ನೆಲಕ್ಕೆ ಎಡವುತ್ತದೆಯೇ?
• ಮೂತ್ರ, ಮಲದ ಹಿಡಿತ ಸರಿಯಿದೆಯೇ?
• ಕಳೆದ ಎರಡು ತಿಂಗಳಲ್ಲಿ ಯಾವ ರಾಸಾಯನಿಕ ಬಳಸಿದಿರಿ? ಬಿದ್ದದ್ದು, ಜ್ವರ, ಭೇದಿ ಇತ್ತೇ?
• ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳು, ನಾಟಿ ಔಷಧಿಗಳು ಯಾವುವು? ಮದ್ಯದ ಅಭ್ಯಾಸವಿದೆಯೇ?

ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ರಾಸಾಯನಿಕದ ಲೇಬಲ್ಲಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ನರತಜ್ಞರ ಅಗತ್ಯವಿದ್ದರೆ ಅವರೇ ಉಡುಪಿಗೋ ಮಣಿಪಾಲಕ್ಕೋ ಕಳುಹಿಸುತ್ತಾರೆ.

ಮುನ್ನೆಚ್ಚರಿಕೆಗಳು

• ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿರಿ. ಕೆಂಪು ಅತಿ ವಿಷಕಾರಿ. ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು.
• ಶಿಫಾರಸು ಇಲ್ಲದೆ ಎರಡು ರಾಸಾಯನಿಕಗಳನ್ನು ಬೆರೆಸಬೇಡಿ. ಕೈಗವಸು, ಮುಖಗವಸು, ಪೂರ್ಣತೋಳಿನ ಅಂಗಿ, ಗಂಬೂಟು ಧರಿಸಿರಿ. ಕರಾವಳಿಯ ಸೆಖೆಯಲ್ಲಿ ಬೆವೆತ ಚರ್ಮ ವಿಷವನ್ನು ಬೇಗ ಹೀರುವುದರಿಂದ ಬೆಳಗಿನ ತಂಪಿನಲ್ಲಿ ಸಿಂಪಡಿಸಿರಿ.
• ಸಿಂಪರಣೆಯ ನಡುವೆ ಎಲೆಯಡಿಕೆ, ಬೀಡಿ ಬೇಡ. ಮುಗಿದ ಕೂಡಲೇ ಸಾಬೂನಿನಿಂದ ಸ್ನಾನ ಮಾಡಿ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.
• ಕುಕ್ಕರಗಾಲಿನ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಕಾಲು ಚಾಚಿರಿ, ಅಥವಾ ತಗ್ಗಿನ ಮಣೆಯನ್ನು ಬಳಸಿರಿ.
• ಹೊರೆಯನ್ನು ತಲೆಯ ಬದಲು ಕೈಗಾಡಿಯಲ್ಲಿ ಸಾಗಿಸಿರಿ. ಮರ ಏರುವ ಬದಲು ಸಾಧ್ಯವಾದಲ್ಲಿ ದೋಟಿ ಬಳಸಿರಿ. ಏರುವುದಾದರೆ ಸುರಕ್ಷತಾ ಪಟ್ಟಿ ಕಟ್ಟಿರಿ.
• ಸಕ್ಕರೆ ಕಾಯಿಲೆಯುಳ್ಳವರು ಪ್ರತಿ ಸಂಜೆ ಕಾಲು ತೊಳೆದು, ಅಂಗಾಲನ್ನು ಕನ್ನಡಿಯಲ್ಲಿ ನೋಡಿರಿ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ರೈತ ಸಂಪರ್ಕ ಕೇಂದ್ರಕ್ಕೆ ಬಂದ ರೈತರು ಕುಳಿತಲ್ಲಿಂದ ಹೇಗೆ ಏಳುತ್ತಾರೆ, ಹೇಗೆ ನಡೆದು ಹೋಗುತ್ತಾರೆ ಎಂಬುದನ್ನು ಗಮನಿಸಿರಿ. ಸಂದೇಹ ಬಂದರೆ ಮೇಲಿನ ಪ್ರಶ್ನೆಗಳನ್ನು ಕೇಳಿ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಔಷಧಿಯ ಹೆಸರನ್ನು ಸೂಚಿಸುವುದು ನಮ್ಮ ಕೆಲಸವಲ್ಲ. ವಿಷಬಾಧೆಯ ಸಂದರ್ಭದಲ್ಲಿ ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117 ವೈದ್ಯರಿಗೂ ಸಾರ್ವಜನಿಕರಿಗೂ ನೆರವಾಗುತ್ತದೆ. ಈ ಸಂಖ್ಯೆಯನ್ನು ಸಿಂಪರಣಾ ತರಬೇತಿಗಳಲ್ಲಿ ತಪ್ಪದೆ ಬರೆಸಿರಿ.

ಭತ್ತದ ಗರಿ ಹಳದಿಯಾದರೆ ಮರುದಿನವೇ ಎಲೆ ಕಿತ್ತು ತಂದು ಕಾರಣ ಕೇಳುವ ರೈತರು, ತಮ್ಮ ಪಾದ ಮರಗಟ್ಟಿದಾಗ ಎರಡು ಬೆಳೆ ಕಳೆಯುವವರೆಗೆ ಸುಮ್ಮನಿರುತ್ತಾರೆ. ಬೆಳೆಯನ್ನು ಮುಂದಿನ ಕಾರ್ತಿಯಲ್ಲಿ ಮತ್ತೆ ಹಾಕಬಹುದು. ಕೆಟ್ಟ ನರಕ್ಕೆ ಇನ್ನೊಂದು ಹಂಗಾಮು ಇಲ್ಲ. ದೂರು ಆರಂಭವಾದ ವಾರದಲ್ಲಿಯೇ ವೈದ್ಯರನ್ನು ಕಾಣಿರಿ.